ಎರವಲು ದನಿಯ ಪ್ರಾರ್ಥನೆ

ನಮ್ಮ ಕ್ರೈಸ್ತ ಸಭೆಯ ಉಪದೇಶಿಗಳ ಎರಡೂ ಮೊಣಕಾಲುಗಳ ಮೇಲೆ, ನೊಗ ಹೊತ್ತ ಎತ್ತಿನ ಹೆಗಲಿನಂತೆ, ಕಪ್ಪು ಜಡ್ಡು ಕಟ್ಟಿತ್ತು. ಖಾನಾಪುರದ ಪ್ರಾರ್ಥನಾ ಮಂದಿರದ ಮಣ್ಣಿನ ನೆಲದಲ್ಲಿ ಅವರು ಊರಿ ಊರಿ ಎರಡು ತಗ್ಗು ಬಿದ್ದಿದ್ದವು. ನೆಲ ಸಾರಿಸುವ ಹೆಂಗಸು ಎಲ್ಲ ಕಡೆ ಸಾರಿಸಿ ಆ ತಗ್ಗುಗಳನ್ನು ಮಾತ್ರ ಹಾಗೇ ಬಿಡುತ್ತಿದ್ದಳು.

ತಿಂಗಳಿಗೊಮ್ಮೆ ಅವರು ಬೆಳಗಾವಿಯ ನಮ್ಮ ಓಣಿಗೆ ಬರುವರು. ಅಜ್ಜಾರ ಎಂದೇ ನಾವು ಕರೆಯುತ್ತಿದ್ದುದು. ನಾನು ಓಣಿಯಲ್ಲಿ ಹೆಸರಾದದ್ದು ಅವರ ನಕಲು ಮಾಡಿಯೇ: ಎರಡು ಕೆಮ್ಮು, ಒಂದು ನಿಟ್ಟುಸಿರು, ಆಮೇಲೆ ಕನ್ನಡದಲ್ಲಿ ಶುರುವಾದ ಪ್ರಾರ್ಥನೆ ಗಂಟಲು ತುಂಬಿ ಬರುವ ಕಡೆ ಮರಾಠಿಗೆ ಹೊರಳುವುದು. ಅವ್ವ ಸೆರಗು ಬಾಯಿಗಿಟ್ಟು ನಕ್ಕು, ಪಾಪ ತಗಲೀತೆಂದು ಬೈಯುತ್ತಿದ್ದಳು.

ಶಹಾಪುರದಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಮಾಲೀಕ ನನ್ನ ನಕಲು ಕಂಡು, ಸೋಮವಾರ ಹುಬ್ಬಳ್ಳಿಗೆ ಹೊರಡುತ್ತೇವೆ, ಬರುವುದಿದ್ದರೆ ಬಾ ಎಂದ. ಅದೇ ವಾರ ಖಾನಾಪುರದ ಮಿಷನ್ ಸಾಲೆಯಲ್ಲಿ ಮಾಸ್ತರಿಕೆಗೂ ಕರೆ ಬಂತು. ಅವ್ವನಿಗೆ ಮಾಸ್ತರಿಕೆ ಬೇಕು. ನನಗೆ ಬೆಳಿಗ್ಗೆ ಒಂದು ಬೇಕು, ಸಂಜೆ ಇನ್ನೊಂದು. ಶುಕ್ರವಾರ ರೈಲು ಹತ್ತಿ ಖಾನಾಪುರಕ್ಕೆ, ಉಪದೇಶಿಗಳ ಹತ್ತಿರ ಹೋದೆ; ಕಂಪನಿಯವರ ರೈಲೂ ಆ ದಾರಿಯಲ್ಲೇ ಬರುವುದಿತ್ತು. ಕಂಪನಿಗೆ ಹೋಗಲೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿಬಿಡಿ ಎಂದೆ.

"ನಾ ಟಪಾಲಿನಾಂವ ಅಲ್ಲೋ ತಮ್ಮಾ, ದೇವರ ಉತ್ರಾ ತಂದು ನಿನ್ನ ಕೈಯಾಗ ಕೊಡಾಕ. ಬಾ, ಕೇಳೂಣು."

ಶುಕ್ರವಾರ ಸಂಜೆ ಮೊಣಕಾಲೂರಿ ದೇವರನ್ನು ಕೇಳಿದೆವು. ಶನಿವಾರ ಬೆಳಿಗ್ಗೆ ಕೇಳಿದೆವು, ಸಂಜೆಯೂ ಕೇಳಿದೆವು. ಅವರಿಗೆ ಜಡ್ಡಿತ್ತು, ನನ್ನ ಮೊಣಕಾಲಿನ ಚರ್ಮ ಸುಲಿದು ಬಂತು. ಸಿಟ್ಟಿಗೆದ್ದು, ಕಣ್ಣು ಮುಚ್ಚಿ ವೇದಪುಸ್ತಕ ತೆರೆದು ಬೆರಳಿಟ್ಟೆ. ಹಾಗೆ ದಾರಿ ಕೇಳುವುದು ನಮ್ಮವರ ರೂಢಿ. ಬೆರಳು ಬಿದ್ದದ್ದು, ಯಾರು ಯಾರ ಮಗ ಎಂಬ ಉದ್ದನೆಯ ಪಟ್ಟಿಯ ನಡುವೆ. ಉಪದೇಶಿಗಳು ಚಾಳೀಸು ಮೂಗಿಗೇರಿಸಿ ಅದನ್ನು ಪೂರ್ತಿ ಓದಿ, ಮತ್ತೆ ಮೊಣಕಾಲೂರಿದರು.

ಭಾನುವಾರ ನೆಗಡಿಯಿಂದ ಅವರ ಗಂಟಲು ಕಟ್ಟಿತು. ನೀನೇ ಪ್ರಾರ್ಥನೆ ನಡೆಸು ಎಂದು ಸನ್ನೆ ಮಾಡಿದರು. ಜನ ಕಣ್ಣು ಮುಚ್ಚಿದರು. ನನಗೆ ಬರುತ್ತಿದ್ದ ಪ್ರಾರ್ಥನೆ ಒಂದೇ. ಎರಡು ಸಲ ಕೆಮ್ಮಿದೆ, ನಿಟ್ಟುಸಿರು ಬಿಟ್ಟೆ. ಮರಾಠಿಗೆ ಹೊರಳುವ ಹೊತ್ತಿಗೆ ಹೆಂಗಸರು ಮೂಗೊರೆಸುತ್ತಿದ್ದರು. ಮುಗಿದ ಮೇಲೆ ಒಬ್ಬ ಮುದುಕಿ ಉಪದೇಶಿಗಳ ಕೈ ಹಿಡಿದು, ಇವತ್ತಿನ ನಿಮ್ಮ ಪ್ರಾರ್ಥನೆ ಭಾಳ ಛಲೋ ಆಯಿತೆಂದು ಹೇಳಿ ಹೋದಳು. ನನಗೆ ನಗು ತಡೆಯಲಾಗಲಿಲ್ಲ.

ಅವರು ನಗಲಿಲ್ಲ. ಒಡೆದ ಗಂಟಲಲ್ಲಿ ಕೇಳಿದರು: "ಇಷ್ಟು ದಿವಸ ಮನಸಿನ್ಯಾಗೂ ಹಿಂಗ ಕೇಳಿದ್ಯೇನು, ನನ್ನ ದನಿಯಾಗ?"

ಹೌದೆಂದೆ. ಬೇರೆ ದನಿ ನನ್ನ ಹತ್ತಿರ ಎಲ್ಲಿತ್ತು?

"ಹಂಗಾರ ಉತ್ರಾ ನನಗ ಬಂದಿರತೈತಿ. ನೀ ಇನ್ನೂ ಕೇಳೇ ಇಲ್ಲ."

ಸೋಮವಾರ ಬೆಳಿಗ್ಗೆ ಆ ತಗ್ಗುಗಳ ಪಕ್ಕ ಒಬ್ಬನೇ ಮೊಣಕಾಲೂರಿದೆ. ಕೆಮ್ಮಲಿಲ್ಲ. ಮೊದಲು ಬಾಯಿಗೆ ಬಂದದ್ದು ಬೈಗುಳ. ಬೈದು ಮುಗಿದ ಮೇಲೆ ಅಂಜಿಕೆ ಬಂತು: ನಕಲು ಬಿಟ್ಟರೆ ನನ್ನಲ್ಲಿ ಏನೂ ಇಲ್ಲದಿದ್ದರೆ? ಅದನ್ನು ತೊದಲುತ್ತಿರುವಾಗಲೇ ರೈಲಿನ ಸೀಟಿ ಕೇಳಿತು. ಬೆಳಗಾವಿಯಿಂದ ಕಂಪನಿಯವರನ್ನು ಹೊತ್ತು ತಂದ ರೈಲು ಖಾನಾಪುರದಲ್ಲಿ ನಿಂತು, ನನ್ನನ್ನು ಬಿಟ್ಟು ಹೋಯಿತು.

ನಿಮ್ಮ ಪ್ರಾರ್ಥನೆಯಿಂದಲೇ ನನ್ನ ಗಾಡಿ ತಪ್ಪಿತೆಂದು ಉಪದೇಶಿಗಳ ಮೇಲೆ ಹರಿಹಾಯ್ದೆ. ಅವರು ಚಹಾದ ಬಟ್ಟಲು ಮುಂದಿಟ್ಟರು. "ನಿಲ್ಲು ಅಂತ ಮ್ಯಾಲಿನಾಂವ ಹೇಳಿದನೋ, ನೀನ ತಡಾ ಮಾಡಿದ್ಯೋ, ಖರೇ ಹೇಳ್ತೇನಿ, ನನಗೂ ಗೊತ್ತಿಲ್ಲ."

ಮಾಸ್ತರನಾದೆ. ಎರಡನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಣ್ಣು ಕೊಡುವಾಗ ಪ್ರಾರ್ಥನೆ ನನ್ನ ಪಾಲಿಗೆ ಬಂತು. ಅವರ ದನಿ ಒಂದೇ ಒಂದು ಸಲ ಕೇಳಿಸು ಎಂದು ಯಾರೋ ಪಿಸುಗುಟ್ಟಿದರು. ಕೇಳಿಸಬಹುದಿತ್ತು. ಬಾಯಿ ತೆರೆದರೆ ಬಂದದ್ದು ನನ್ನದೇ ಕೀರಲು ದನಿ.

"ದೇವರೇ, ಅಜ್ಜಾರನ್ನ ನಿನ್ನ ಕಡೆ ಕಳಿಸೇವಿ. ನನ್ನ ಉತ್ರಾ ಅವರ ಹತ್ರನ ಉಳದೈತಿ. ಇಸಗೊಂಡು ನನಗ ಕಳಸು."

ಇನ್ನೂ ಬಂದಿಲ್ಲ. ಮೊಣಕಾಲಿಗೆ ಜಡ್ಡು ಮಾತ್ರ ಬಂದಿದೆ.