ವೈನಿ ಕೂಡುವ ಗಾಡಿ

ಅಣ್ಣ ಪುಣೆಗೆ ಹೊರಟ ಮುಂಜಾನೆ ಊರ ರಸ್ತೆಯ ಬೇವಿನ ಗಿಡದ ಕೆಳಗೆ ಬಸ್ಸಿಗಾಗಿ ನಿಂತಿದ್ದ. ಪಕ್ಕದಲ್ಲಿ ಹಾಸಿಗೆಯ ಸುರುಳಿ, ಜೋಳದ ಹಿಟ್ಟಿನ ಡಬ್ಬಿ. ಬಸ್ಸು ಬಂದು ನಿಂತಾಗ ನನ್ನ ಕಡೆ ತಿರುಗಿ ಹೇಳಿದ: "ತಂಗಿ, ನಿನ್ನ ಕಾರ್ ಅದ ಅಂತ ನಾ ಬೇಫಿಕೀರ್ ಹೊಂಟೀನಿ ನೋಡು. ಇಲ್ಲಂದ್ರ ನಿನ್ನ ವೈನಿನ ಬಿಟ್ಟು ಹೋಗಲಿಕ್ಕಿ ನನ್ನ ಕಾಲು ಏಳ್ತಿರಲಿಲ್ಲ."

ಮಳೆ ಸತತ ಎರಡನೆಯ ವರ್ಷವೂ ಕೈಕೊಟ್ಟಿತ್ತು. ನಮ್ಮ ಊರು ಕಮಲನಗರದ ಹತ್ತಿರ. ಕಾಗದದ ಮೇಲೆ ತಾಲೂಕು ಬದಲಾಗಿದ್ದರೂ ಯಾರಾದರೂ ಕೇಳಿದರೆ ನಾವು ಇನ್ನೂ ಔರಾದಿನವರೆಂದೇ ಹೇಳುತ್ತೇವೆ. ಕಬ್ಬು ಕಡಿಯುವವರು ಮಹಾರಾಷ್ಟ್ರದ ಕಡೆ, ಗೋಡೆಗೆ ಗಿಲಾವು ಮಾಡುವವರು ಹೈದರಾಬಾದಿನ ಕಡೆ ಹೋಗಿ, ಓಣಿಯಲ್ಲಿ ಬೀಗಗಳೇ ಹೆಚ್ಚಾಗಿದ್ದವು. ಅಣ್ಣ ಟ್ರ್ಯಾಕ್ಟರ್ ಹೊಡೆಯುವವ. ಉಳುವ ಹೊಲವೇ ಇಲ್ಲದ ಮೇಲೆ ಟ್ರ್ಯಾಕ್ಟರ್ ಹೊಡೆಯುವವನಿಗೆ ಏನು ಕೆಲಸ? ಪುಣೆಯಲ್ಲೊಂದು ಕಟ್ಟಡ ಕಾಯುವ ಕೆಲಸ ಸಿಕ್ಕಿತು, ಹೊರಟ.

ಅವನ ಹೆಂಡತಿ, ನನ್ನ ವೈನಿ, ಹೋಗುವಂತಿರಲಿಲ್ಲ. ಅವರ ಮೂತ್ರಪಿಂಡಗಳು ಕೆಟ್ಟು, ಮಂಗಳವಾರ ಮತ್ತು ಶುಕ್ರವಾರ ಬೀದರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ನಮ್ಮ ಕಡೆ ಅದಕ್ಕೆ ರಕ್ತ ತೊಳೆಸುವುದು ಎನ್ನುತ್ತಾರೆ. ಒಂದು ಸಲ ತಪ್ಪಿದರೂ ಕಾಲು ಬಾತು ಉಸಿರು ಕಟ್ಟುತ್ತಿತ್ತು. ಬೀದರಿನಲ್ಲಿ ನನ್ನ ಮನೆಯಲ್ಲೇ ಇದ್ದುಬಿಡಿ ಎಂದು ನಾನು ಹೇಳದೆ ಇರಲಿಲ್ಲ.

"ಎಮ್ಮಿ ಯಾರು ನೋಡ್ತಾರವ್ವ? ಮ್ಯಾಲ ನಾದಿನಿ ಮನ್ಯಾಗ ಬಿದ್ದಾಳ ಅಂತ ಅನಸ್ಕೊಳ್ಳಲೇನು ನಾ?"

ಈ ಮಾತಿನ ಹಿಂದೆ ನಮ್ಮ ಮನೆತನದ ಒಂದು ಹಳೆಯ ಕಟ್ಟುಪಾಡು ಇತ್ತು. ಮನೆಯ ಮಗಳಿಗೆ ಕೊಡಬೇಕು, ಆಕೆಯಿಂದ ತೆಗೆದುಕೊಳ್ಳಬಾರದು. ನಮ್ಮ ಅಜ್ಜಿ ತನ್ನ ಹೆಣ್ಣುಮಕ್ಕಳ ಮನೆಗಳಲ್ಲಿ ಒಂದು ಲೋಟ ನೀರು ಕುಡಿದರೂ ತಿರುಗಿ ಏನಾದರೂ ಕೈಗಿಟ್ಟೇ ಬರುತ್ತಿದ್ದಳು. ವೈನಿಯೂ ಅದೇ ಪಾಠ ಕಲಿತವರು. ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಕೊಂಡ ಕರೆಂಟಿನ ಕಾರಿನಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದು, ಸಂಜೆ ತಿರುಗಿ ಊರಿಗೆ ಬಿಟ್ಟಾಗಲೆಲ್ಲ, ದಣಿದ ಕೈಯಲ್ಲೇ ನನಗೆ ಕುಂಕುಮ ಹಚ್ಚಿ, ಸೆರಗೊಡ್ಡಿಸಿ, ಒಂದು ಬೊಗಸೆ ಗೋಧಿ, ಅಡಿಕೆ, ಬೆಲ್ಲದ ಚೂರು ಹಾಕಿ ಉಡಿ ತುಂಬುತ್ತಿದ್ದರು. ಬೇಡವೆಂದರೆ, "ನಿನಗಲ್ಲ ತಗಿ, ಮನಿ ಮಗಳಿಗಿ" ಎನ್ನುತ್ತಿದ್ದರು.

ನಾನೂ ಸುಮ್ಮನಿರಲಿಲ್ಲ. ಊರಿನ ಕೊಳವೆಬಾವಿಗಳು ಒಂದೊಂದಾಗಿ ನಿಂತಾಗ, ಬೀದರಿನಿಂದ ಹೊರಡುವ ಮುಂಚೆ ನಮ್ಮ ಮನೆಯ ಬೋರಿನ ನೀರನ್ನು ಕ್ಯಾನುಗಳಲ್ಲಿ ತುಂಬಿ ಹಿಂದಿನ ಸೀಟಿನ ಮುಂದೆ ಇಟ್ಟುಕೊಂಡು ಹೋಗತೊಡಗಿದೆ. ವೈನಿ ಕೇಳಿರಲಿಲ್ಲ. ಅವರಿಗೆ ಕುಡಿಯಲು ಅಪ್ಪಣೆಯಿದ್ದದ್ದೇ ದಿನಕ್ಕಿಷ್ಟು ಎಂದು ಅಳೆದ ನೀರು. ಆದರೂ ಓಣಿಯಲ್ಲಿ ಕ್ಯಾನು ಇಳಿಸುವಾಗ ಉಳಿದ ಹೆಂಗಸರು, "ಮಗಳು ಅಂದ್ರ ಹಿಂಗ ಇರಬೇಕು ನೋಡ್ರಿ" ಎನ್ನುವುದು ನನ್ನ ಕಿವಿಗೆ ಹಿತವಾಗಿತ್ತು. ಅವರ ಕೊಡಗಳು ಖಾಲಿ ಇದ್ದವು ಎಂಬುದು ಕಣ್ಣಿಗೆ ಬೀಳುತ್ತಿರಲಿಲ್ಲ.

ಒಂದು ಶುಕ್ರವಾರ ಊರಿಗೆ ಹೋಗುವಾಗ ಭಾಲ್ಕಿ ದಾಟಿದ ಮೇಲೆ ರಸ್ತೆಯ ಉಬ್ಬೊಂದು ಕಾಣಲಿಲ್ಲ. ಕಾರು ಹಾರಿತು, ಕ್ಯಾನು ಉರುಳಿತು, ಮುಚ್ಚಳ ಬಿಚ್ಚಿ ನೀರೆಲ್ಲ ಸೀಟಿನ ಕೆಳಗೆ ಹೋಯಿತು. ಹಳೆಯ ಟವೆಲಿನಿಂದ ಸಿಕ್ಕಷ್ಟು ಒರೆಸಿದೆ. ಕಾರು ಏನೂ ಅನ್ನಲಿಲ್ಲ. ಆದರೆ ಮುಂದಿನ ವಾರ ವೈನಿಯನ್ನು ಕೂಡಿಸಿಕೊಂಡು ಬರುವಾಗ ಮುಂದಿನ ಪರದೆಯ ಮೇಲೆ ಹಳದಿ ದೀಪವೊಂದು ಹತ್ತಿ, ಸ್ವಲ್ಪ ಹೊತ್ತಿಗೆ ಆರಿತು. ಅಷ್ಟೇ. ಅಂದಿನಿಂದ ನನ್ನ ಫೋನು ಬೇರೇನೂ ತೋರಿಸಲಿಲ್ಲ. ರಸ್ತೆ ಮಧ್ಯೆ ಹೊಗೆಯಾಡುವ ಕರೆಂಟಿನ ಸ್ಕೂಟರು, ಧಗಧಗ ಉರಿಯುವ ಕಾರು. ಹಿಂದೆ ಕಣ್ಣು ಮುಚ್ಚಿ ಒರಗಿದ ವೈನಿಯನ್ನು ಕನ್ನಡಿಯಲ್ಲಿ ನೋಡಿದಾಗಲೆಲ್ಲ, ಬೆಂಕಿ ಬಿದ್ದರೆ ಇವರು ಬಾಗಿಲು ತೆಗೆದು ಓಡಬಲ್ಲರೇ ಎಂಬ ಒಂದೇ ವಿಚಾರ.

ವೈನಿಗೆ ನಿಜ ಹೇಳಲಿಲ್ಲ. ತಮಗಾಗಿ ತಂದ ನೀರಿನಿಂದ ಕಾರು ಕೆಟ್ಟಿತೆಂದು ನೊಂದುಕೊಂಡಾರು ಎಂದುಕೊಂಡೆ. "ಕಾರ್ ಸರ್ವಿಸಿಂಗಿಗಿ ಕೊಟ್ಟೀನ್ರಿ ವೈನಿ. ಒಂದೆರಡು ಸಲ ಬಸ್ಸಿಗಿ ಬರ್ತೀರೇನು?" ಎಂದೆ. ಬಾಡಿಗೆ ಕಾರು ಮಾಡಿ ಕಳಿಸಬಹುದಿತ್ತು. ಕಳಿಸಿದ್ದರೆ ಕಾರಣ ಕೇಳುತ್ತಿದ್ದರು. ಅವರು ಕೇಳಬಾರದೆಂದು ನಾನು ಅವರನ್ನು ಬಸ್ಸಿಗೆ ಹಾಕಿದೆ.

"ಬರ್ತೇನಿ ತಗಿ, ಅದಕ್ಕೇನು" ಎಂದರು ವೈನಿ.

ಇತ್ತ ನಾನು ಗ್ಯಾರೇಜು ಹುಡುಕತೊಡಗಿದೆ. ಕಾರು ಮಾರಿದ ಅಂಗಡಿಯವರು ಬೀದರಿನಲ್ಲಿ ಮಾರುತ್ತಾರೆ, ರಿಪೇರಿ ನೋಡುವುದು ಹೈದರಾಬಾದಿನಲ್ಲಿ. "ನೀರು ಹೋಗಿದ್ರೆ ಓಡಿಸಲೇಬೇಡಿ ಮೇಡಂ, ಲಾರಿ ಮೇಲೆ ಹಾಕಿ ಕಳಿಸಿ, ಮುಂದಿನ ತಿಂಗಳು ನೋಡ್ತಾರೆ" ಎಂದು ಬಹಳ ನಯವಾಗಿ ಹೇಳಿದರು. ನಮ್ಮ ಅಪ್ಪನ ಕಾಲದಿಂದ ಪರಿಚಯದ ಬೀದರಿನ ಮಿಸ್ತ್ರಿಯೊಬ್ಬರಿದ್ದರು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು. ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬೇಟಿ, ಇದಕ ಇಂಜನ್ನೇ ಇಲ್ಲ. ನಾ ಕಿವಿ ಎಲ್ಲಿ ಹಚ್ಚಲಿ?" ಎಂದು ಚಹಾ ಕುಡಿಸಿ ಕಳಿಸಿದರು.

ಔರಾದಿನಲ್ಲಿ ಕರೆಂಟಿನ ಆಟೋಗಳನ್ನು ರಿಪೇರಿ ಮಾಡುವವನಿದ್ದಾನೆಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ಇನ್ವರ್ಟರ್ ಬ್ಯಾಟರಿಗಳ ನಡುವೆ ಕೂತಿದ್ದ ಆ ಮನುಷ್ಯ ಫೋನಿನಲ್ಲಿ ನನ್ನ ಕಾರಿನ ಫೋಟೊ ನೋಡಿ ಕೈ ಮುಗಿದ. "ನೋಡ್ರಿ ಅಕ್ಕಾರ, ನಾ ಹಾವು ಹಿಡಿಯಾಂವ. ನೀವು ಹುಲಿ ತಂದ್ರ ಹ್ಯಾಂಗ್ರಿ? ನಮ್ಮ ಆಟೋದ ಕರೆಂಟ್ ಬ್ಯಾರೆ, ಇದರ ಕರೆಂಟ್ ಬ್ಯಾರೆ. ಒಮ್ಮಿ ಹೊಡೀತಂದ್ರ ಎರಡನೇ ಸಲ ಕೇಳಲಿಕ್ಕಿ ನಾ ಇರಂಗಿಲ್ಲ." ಆದರೆ ಅವನೇ ಭಾಲ್ಕಿಯ ಒಬ್ಬನ ನಂಬರು ಕೊಟ್ಟ. ಪುಣೆಯಲ್ಲಿ ಕರೆಂಟಿನ ಬಸ್ಸುಗಳ ಡಿಪೋದಲ್ಲಿ ದುಡಿದು ಬಂದವನಂತೆ.

ಅವನಿಗೆ ಫೋನು ಮಾಡಿದರೆ ಅವನದೇ ಮಾತು. "ಎಲ್ಲಾರೂ ಪುಣೆಗಿ ಹೊಂಟಾಗ ನಾ ಪುಣೆ ಬಿಟ್ಟು ಬಂದೀನ್ರಿ. ಜನ ಹುಚ್ಚ ಅಂತಾರ. ಹುಚ್ಚನ ಕಡೀನೇ ಫೋನ್ ಮಾಡೀರಿ ನೀವು. ಶನಿವಾರ ತರ್ರಿ. ಮೆಲ್ಲಕ ತರ್ರಿ, ಒಬ್ಬರೇ ಬರ್ರಿ."

ನನಗೆ ಗೆದ್ದಷ್ಟು ಹಿಗ್ಗು. ಆ ಹಿಗ್ಗಿನಲ್ಲಿದ್ದಾಗಲೇ, ಶುಕ್ರವಾರ ಮಧ್ಯಾಹ್ನ, ಆಸ್ಪತ್ರೆಯ ನರ್ಸ್ ಫೋನು ಮಾಡಿದಳು. "ಮೇಡಂ, ನಿಮ್ಮ ವೈನಿ ಯಾಕ ಬಂದಿಲ್ರಿ?"

ವೈನಿಗೆ ಮಾಡಿದೆ.

"ಮೈ ಹಗುರ ಅನಿಸ್ತು ತಂಗಿ. ಅದಕ ಹೋಗಲಿಲ್ಲ."

"ಹಗುರ ಹ್ಯಾಂಗ ಆಗ್ತದ್ರಿ ವೈನಿ? ಕಾಲು ಬಾತಾವೇನು?"

ಅವರ ಉಸಿರು ಕೇಳುತ್ತಿತ್ತು, ಗುಡ್ಡ ಹತ್ತಿದವರ ಉಸಿರಿನ ಹಾಗೆ. "ಚಪ್ಪಲಿ ಹಿಡೀವಲ್ಲವು, ಅಷ್ಟೇ" ಎಂದರು.

ನರ್ಸನ್ನು ಗೋಗರೆದು ಶನಿವಾರ ಮಧ್ಯಾಹ್ನಕ್ಕೆ ಒಂದು ಹಾಸಿಗೆ ಹಿಡಿಸಿದೆ. ವೈನಿ ಬಸ್ಸಿನಲ್ಲಿ ಭಾಲ್ಕಿಯ ತನಕ ಬರುವುದು, ನಾನು ಬೆಳಿಗ್ಗೆಯೇ ಕಾರನ್ನು ಗ್ಯಾರೇಜಿಗೆ ಒಯ್ಯುವುದು, ಅವನು ನೋಡಿ ಹೂಂ ಎಂದ ಕೂಡಲೇ ಇಬ್ಬರೂ ಕಾರಿನಲ್ಲೇ ಬೀದರಿಗೆ ಹೋಗುವುದು ಎಂದು ಗೊತ್ತುಮಾಡಿಕೊಂಡೆವು. ಮರುದಿನ ಬೀದರಿನಿಂದ ಭಾಲ್ಕಿಯ ತನಕ ಒಬ್ಬಳೇ, ಎಲ್ಲ ಕಿಟಕಿಗಳನ್ನು ಇಳಿಸಿ, ಎತ್ತಿನ ಬಂಡಿಯವರೂ ನಗುವಷ್ಟು ಮೆಲ್ಲಗೆ ಬಂದೆ.

ಬಸ್ ನಿಲ್ದಾಣದ ಎದುರಿನ ತಗಡಿನ ಶೆಡ್ಡೇ ಗ್ಯಾರೇಜು. ವೈನಿ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಮುಖ ಬಾತು ಕಣ್ಣು ಸಣ್ಣವಾಗಿದ್ದವು. ಕಾಲಲ್ಲಿ ಅಣ್ಣನ ದೊಡ್ಡ ಚಪ್ಪಲಿ. ಗ್ಯಾರೇಜಿನವ ಮೊಳಕೈವರೆಗಿನ ರಬ್ಬರಿನ ಕೈಗವಸು ಹಾಕಿಕೊಂಡು ಮೊದಲು ಬ್ಯಾಟರಿಯ ದೊಡ್ಡ ಕರೆಂಟನ್ನು ಕಡಿದ. ಆಮೇಲೆ ಸುಮ್ಮನೆ ಕೂತ. ಯಾಕೆ ಎಂದರೆ, "ಒಳಗಿನ ಸಿಟ್ಟು ಇಳೀಬೇಕ್ರಿ. ಕೂಡಲೇ ಕೈ ಹಾಕಬಾರದು" ಎಂದ. ಹಾಗೆ ಕಾದು, ಹಿಂದಿನ ಸೀಟು ಎತ್ತಿ, ಕೆಳಗಿನ ದಪ್ಪ ಜಮಖಾನೆಯಂಥ ಹಾಸನ್ನು ಮೂಲೆಯಿಂದ ಸುಲಿದ. ಸುಲಿದವನು ನಗತೊಡಗಿದ.

"ಮೇಡಂ, ಜಿಲ್ಲಾದಾಗ ಎಲ್ಲಿನೂ ಬೆಳಿ ಇಲ್ಲ. ನಿಮ್ಮ ಕಾರಿನ್ಯಾಗ ಮಾತ್ರ ಭರ್ಜರಿ ಬೆಳಿ ಬಂದದ ನೋಡ್ರಿ."

ಹಾಸಿನ ಅಡಿಯಲ್ಲಿ, ಇನ್ನೂ ತೇವ ಆರದ ಸಂದಿಯ ಉದ್ದಕ್ಕೂ, ಬಿಸಿಲು ಕಾಣದ ಬೆಳ್ಳನೆಯ ಮೊಳಕೆಗಳು ಬಾಗಿ ನಿಂತಿದ್ದವು. ವೈನಿಯೂ ನಗುತ್ತ ಎದ್ದು ಬಂದರು. ಬಗ್ಗಿ ನೋಡಿದರು. ಮೊಳಕೆಗಳ ನಡುವೆ ಎರಡು ಅಡಿಕೆ ಇದ್ದವು. ಅವರ ನಗು ನಿಂತಿತು.

ಸೆರಗಿನಲ್ಲಿ ಗೋಧಿ ಇಟ್ಟುಕೊಂಡು ಕಾರು ಹೊಡೆಯಲಾಗುವುದಿಲ್ಲ. ಊರ ತಿರುವು ದಾಟಿದ ಮೇಲೆ ಕಾರು ನಿಲ್ಲಿಸಿ, ಹಿಂದಿನ ಸೀಟಿನ ಮೇಲೆ ಸೆರಗು ಕೊಡವಿಬಿಡುತ್ತಿದ್ದೆ. ಮನೆಗೆ ಹೋಗಿ ತೆಗೆದರಾಯಿತೆಂದು. ಮನೆಗೆ ಹೋದರೆ ಮರೆತೇಹೋಗುತ್ತಿತ್ತು; ಕಾಳು, ಅಡಿಕೆ ಸೀಟಿನ ಸಂದಿಗೆ ಇಳಿದುಹೋಗುತ್ತಿದ್ದವು. ಬರಗಾಲದಲ್ಲಿ ತಮ್ಮ ಹಿಟ್ಟಿನ ಗೋಧಿಯಿಂದ ತೆಗೆದು ಅವರು ತುಂಬಿದ ಉಡಿ ಒಂದು ಸಲವೂ ನನ್ನ ಅಡುಗೆಮನೆ ಕಂಡಿರಲಿಲ್ಲ.

"ಮನಿ ತನಕ ಹೋಗಲೇ ಇಲ್ಲೇನು" ಎಂದರು ವೈನಿ. ನಾನು ಏನಾದರೂ ಹೇಳುವ ಮುಂಚೆ ಗ್ಯಾರೇಜಿನವ ಕೇಳಿದ, "ಇಷ್ಟು ನೀರು ಎಲ್ಲಿಂದ ಬಂತ್ರಿ ಇದರಾಗ?"

ಹೇಳಬೇಕಾಯಿತು. ಕ್ಯಾನು, ರಸ್ತೆಯ ಉಬ್ಬು, ಹಳದಿ ದೀಪ, ಸುಳ್ಳು ಸರ್ವಿಸಿಂಗು, ಎಲ್ಲ.

ವೈನಿ ಬೆಂಚಿಗೆ ಹೋಗಿ ಕೂತರು. "ನೀರು ಚೆಲ್ಲೇದ ಅಂದಿದ್ರ ನಾ ಏನು ನಿನ್ನ ಹೊಡೀತಿದ್ನೇನು? ನಾ ಬ್ಯಾರೇನೇ ತಿಳಕೊಂಡೆ. ಈಕಿಗಿ ನಂದು ಸಾಕಾಗೇದ, ಬಾಯಿಬಿಟ್ಟು ಹ್ಯಾಂಗ ಹೇಳ್ತಾಳ, ಅದಕ ಸರ್ವಿಸಿಂಗ್ ಅಂತಾಳ ಅಂದ್ಕೊಂಡೆ. ಸಾಕಾದವರ ಮನಿಗಿ ಮತ್ತ ಹೋಗಿ ಅವರನ್ನ ಯಾಕ ಕಾಡಬೇಕು? ಅದಕ ನಿನ್ನೆ ಬಸ್ ಹತ್ತಲಿಲ್ಲ."

ಗ್ಯಾರೇಜಿನವ ತಲೆ ತಗ್ಗಿಸಿ ತನ್ನ ಕೆಲಸ ಮಾಡುತ್ತಿದ್ದ. ಮೀಟರು ಹಚ್ಚಿ ಕರೆಂಟು ಎಲ್ಲಿಯಾದರೂ ಕಾರಿನ ಮೈಗೆ ಸೋರುತ್ತಿದೆಯೇ ಎಂದು ನೋಡಿದ. ಸೀಟಿನ ಕೆಳಗಿನ ವೈರಿನ ಕೊಂಡಿಯೊಂದನ್ನು ಬಿಚ್ಚಿ ತೋರಿಸಿದ. ಹಸಿರು ತುಕ್ಕು ಹಿಡಿದಿತ್ತು.

"ನಿಮ್ಮ ಹಳದಿ ದೀಪ ಬಹುಶಃ ಇದೇ ಇರಬೇಕ್ರಿ. ಇದು ನಾ ಬದಲಿ ಮಾಡ್ತೇನಿ. ಒಳಗ ಪೂರಾ ಒಣಗಸ್ತೇನಿ, ಮತ್ತೊಮ್ಮಿ ನೋಡ್ತೇನಿ. ಆದ್ರ ಕೆಳಗಿನ ಬ್ಯಾಟರಿ ಪೆಟ್ಟಿಗಿ ನಾ ಬಿಚ್ಚಂಗಿಲ್ಲ. ಅದರೊಳಗ ನೀರು ಹೋಗಿಲ್ಲ ಅಂತ ನಾ ಎದಿ ತಟ್ಟಿ ಹೇಳಲಾರೆ. ಅದು ಹೈದರಾಬಾದಿನವರೇ ಹೇಳಬೇಕು."

"ಇವತ್ತು ಒಂದು ಸಲ ಬೀದರ ತನಕ?" ಎಂದೆ. ಆಸ್ಪತ್ರೆಯ ಹೊತ್ತು ಹತ್ತಿರ ಬರುತ್ತಿತ್ತು.

ಅವನು ವೈನಿಯ ಕಾಲು ನೋಡಿದ, ನನ್ನ ನೋಡಿದ. "ಹೂಂ ಅಂದ್ರ ನಿಮಗ ಖುಷಿ ಆಗ್ತದ. ನಾ ಹೂಂ ಅನ್ನಲ್ರಿ ಅಕ್ಕಾ. ಅವರನ್ನ ಕೂಡಿಸ್ಕೊಂಡು ಅಂತೂ ಬ್ಯಾಡ."

ಬಾಡಿಗೆ ಕಾರು ತರುತ್ತೇನೆಂದು ನಾನು ಓಡಲು ಹೊರಟರೆ ವೈನಿ ಸೆರಗು ಹಿಡಿದು ನಿಲ್ಲಿಸಿದರು. "ಎದುರಿಗೇ ಬೀದರ ಬಸ್ ನಿಂತದ. ನಡಿ. ನೀ ಹುಡುಕೂದು ನಾ ಭಾಳ ನೋಡೀನಿ."

ಬಸ್ಸಿನ ತುಂಬ ಊರು ಬಿಟ್ಟು ಹೊರಟವರು. ಗಂಟುಗಳು, ಸ್ಟವ್ವು, ಕೊಡ, ಮಡಿಲಲ್ಲಿ ಮಲಗಿದ ಮಕ್ಕಳು. ಬೀದರಿನಿಂದ ರೈಲು ಹಿಡಿಯುವವರು. ವೈನಿಯ ಮುಖ ನೋಡಿ ಒಬ್ಬ ಹೆಂಗಸು ತನ್ನ ಗಂಟನ್ನು ತೊಡೆಗೆಳೆದುಕೊಂಡು ಕಿಟಕಿಯ ಕಡೆ ಜಾಗ ಬಿಟ್ಟಳು. ನಾನು ಪಕ್ಕದಲ್ಲಿ ನಿಂತೆ. ನಮ್ಮ ಊರಿನವರು ವಾರವಾರವೂ ಹೀಗೇ ಹೋಗುತ್ತಿದ್ದರು. ಕಾರಿನ ಗಾಜಿನೊಳಗಿಂದ ಎಷ್ಟು ಬಸ್ಸುಗಳನ್ನು ಹಿಂದೆ ಹಾಕಿದ್ದೆನೋ.

ಬೀದರು ಬರುವ ಹೊತ್ತಿಗೆ ವೈನಿಗೆ ಅಣ್ಣನ ಫೋನು ಬಂತು. ಅವನಿಗೆ ಫೋನಿನಲ್ಲಿ ಕಿರುಚಿ ಮಾತಾಡುವ ಚಟ, ನನಗೂ ಕೇಳಿಸಿತು.

"ಹ್ಯಾಂಗ ಅದೀ? ನಿನ್ನೆ ಆತೇನು?"

"ನಿನ್ನೆ ಮಶೀನ್ ಖಾಲಿ ಇದ್ದಿಲ್ರಿ. ಇವತ್ತ ಕರದಾರ, ಹೊಂಟೇವಿ."

"ತಂಗಿ ಕಾರಿನ್ಯಾಗ ಇದ್ದೀಯಲ್ಲ?"

"ಹೂಂರಿ."

"ಏನದು ಗದ್ದಲ?"

ಆಗ ಕಂಡಕ್ಟರು ಯಾರಿಗೋ ಗಂಟು ಮೇಲೆ ಇಡಲು ಗದರಿಸುತ್ತಿದ್ದ. ವೈನಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. "ಗಾಂಧಿ ಗಂಜ ಬಜಾರದಾಗ ಹಮಾಲರು ಒದರ್ಲತ್ತಾರ."

"ತಂಗಿ ಕಡಿ ಕೊಡು ಒಂದೀಟು."

ನಾನು ಕೈ ಚಾಚಿದ್ದರೆ ಫೋನು ಸಿಗುತ್ತಿತ್ತು. ವೈನಿ ನನ್ನ ಮುಖ ನೋಡಿದರು. ನನ್ನ ಎರಡೂ ಕೈ ಮೇಲಿನ ಕಂಬಿಯ ಮೇಲೆಯೇ ಇದ್ದವು.

"ಆಕಿ ಕಾರ್ ಹೊಡಿಲತ್ತಾಳ್ರಿ, ಹ್ಯಾಂಗ ಕೊಡ್ಲಿ? ನೀವು ಚಿಂತಿ ಮಾಡಬ್ಯಾಡ್ರಿ" ಎಂದು ಫೋನನ್ನು ಚೀಲದೊಳಗಿಟ್ಟರು. ಆಮೇಲೆ ಆ ಬಾತ ಕಾಲುಗಳನ್ನು ಕಷ್ಟದಿಂದ ಮಡಿಚಿ ಕಿಟಕಿಗೆ ಒತ್ತಿ ಕೂತು, ಸೀಟಿನಲ್ಲಿ ಅಂಗೈ ಅಗಲದಷ್ಟು ಜಾಗ ಮಾಡಿ, ಕೂಡು ಎಂದು ತಟ್ಟಿ ತೋರಿಸಿದರು.