ಮರದ ಗಾಡಿ ಮತ್ತು ಒಂದು ‘ಬನ್ರಿ’

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳಿಗೆ ರೈಲು ತೋರಿಸುತ್ತೇನೆ ಬಾ ಎಂದರೆ ನಗು ಬರುತ್ತದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಆ ಸಣ್ಣ ಊರಿಗೆ ಮನೆ ಬದಲಾಯಿಸಿದ ಹೊಸತರಲ್ಲಿ ನನ್ನ ಗಂಡ ನನ್ನನ್ನೂ ಮಗಳನ್ನೂ ಯಾರ್ಡಿಗೆ ಕರೆದೊಯ್ದು, “ನೋಡ, ಇದ ನಮ್ಮ ರೈಲ್ವೆ” ಎಂದರು. ಎರಡು ಹಳೇ ಎಂಜಿನ್, ತುಕ್ಕು ಹಿಡಿದ ವ್ಯಾಗನ್‌ಗಳ ಒಂದು ಸಾಲು, ಒಂದು ತಗಡಿನ ಶೆಡ್ಡು, ಹಳಿಗಳ ನಡುವೆ ಮೊಣಕಾಲೆತ್ತರದ ಹುಲ್ಲು. “ಇಷ್ಟ ಏನ್ರಿ?” ಎಂದೆ. “ಇಷ್ಟ,” ಎಂದರು. ಆದರೆ ಅವರ ಮುಖದಲ್ಲಿದ್ದ ಖುಷಿ ಹುಬ್ಬಳ್ಳಿ ಜಂಕ್ಷನ್ನಿನಷ್ಟೇ ದೊಡ್ಡದಾಗಿತ್ತು.

ಆ ಹಳಿ ಹಾಕಿದ್ದು ಕಲ್ಲಿದ್ದಲಿಗಾಗಿ. ಗುಡ್ಡದಲ್ಲಿ ಕಲ್ಲಿದ್ದಲು ಇರುವವರೆಗೆ ಅದರ ಹಿಂದೆ ಉಣ್ಣೆ, ಕುರಿ, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ ಎಲ್ಲವೂ ಓಡಾಡಿದವಂತೆ. ಕಲ್ಲಿದ್ದಲು ಮುಗಿಯಿತು, ಜನ ಕಾರು ಕೊಂಡರು, ಸರ್ಕಾರ ಕೈ ತೊಳೆದುಕೊಂಡಿತು. ಎಷ್ಟೋ ವರ್ಷ ಹಾಗೇ ಬಿದ್ದಿದ್ದ ಹಳಿಯನ್ನು ಸುತ್ತಲಿನ ಮರದ ಮಿಲ್ಲಿನವರು ಸೇರಿ ಗೇಣಿಗೆ ಹಿಡಿದು ಒಂದು ಸಣ್ಣ ಕಂಪನಿ ಮಾಡಿದರು. ಬೆಳಿಗ್ಗೆ ಖಾಲಿ ವ್ಯಾಗನ್ ಗುಡ್ಡ ಹತ್ತಬೇಕು, ಮಧ್ಯಾಹ್ನ ಪೈನ್ ಮರದ ದಿಮ್ಮಿ ತುಂಬಿಕೊಂಡು ಇಳಿಯಬೇಕು, ಜಂಕ್ಷನ್ನಿನಲ್ಲಿ ದೊಡ್ಡ ರೈಲ್ವೆಯವರಿಗೆ ಒಪ್ಪಿಸಬೇಕು. ಅಲ್ಲಿಂದ ಅದು ಬಂದರಿಗೆ. ಇಡೀ ರೈಲ್ವೆಯ ಸಿಬ್ಬಂದಿ ಒಂದು ವ್ಯಾನಿನಲ್ಲಿ ಹಿಡಿಸುತ್ತಿದ್ದರು.

ಇವರು ಹುಬ್ಬಳ್ಳಿಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್ ಆಗಿದ್ದವರು. ಈ ದೇಶಕ್ಕೆ ಬಂದ ಮೇಲೆ ಪಟ್ಟಣದ ರಿಕ್ಕರ್ಟನ್ ಬಡಾವಣೆಯ ಮಾಲ್‌ನಲ್ಲಿ ಕಪಾಟಿಗೆ ಡಬ್ಬಿ ಜೋಡಿಸಿದರು. ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ದೂರದಲ್ಲಿ ಗೂಡ್ಸ್ ಗಾಡಿ ಕೂಗಿದರೆ ಉಣ್ಣುವ ಕೈ ನಿಲ್ಲುತ್ತಿತ್ತು. ಈ ಕೆಲಸ ಸಿಕ್ಕಿದಾಗ ಮತ್ತೆ ಹುಡುಗರ ಹಾಗೆ ರೂಲ್ಸ್ ಬಾಯಿಪಾಠ ಮಾಡಿದರು, ಪರೀಕ್ಷೆ ಪಾಸಾದರು, ಲೈಸೆನ್ಸ್ ಪಡೆದರು. ಒಬ್ಬರೇ ಎಂಜಿನ್ ಓಡಿಸಿದ ದಿನ ಅವ್ವನಿಗೆ ಫೋನ್ ಮಾಡಿ ಅತ್ತರು. ಆ ಲೈಸೆನ್ಸ್ ನಮ್ಮ ಮನೆಯಲ್ಲಿ ಏನಾಗಿತ್ತು ಎಂದು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಗಾಡಿಗೆ ಎಂಜಿನ್ ಮುಂದಿದ್ದರೆ, ಅದರ ಕಣ್ಣು ಹಿಂದಿರುತ್ತದೆ. ಮಿಲ್ಲಿನ ಸೈಡಿಂಗ್‌ನಲ್ಲಿ, ಅಂದರೆ ಪಕ್ಕದ ಕವಲು ಹಳಿಯಲ್ಲಿ, ವ್ಯಾಗನ್‌ಗಳನ್ನು ಹಿಂದಕ್ಕೆ ನೂಕಿ ಜೋಡಿಸುವಾಗ ಎಂಜಿನ್ನಿನಲ್ಲಿ ಕೂತವನಿಗೆ ಬಾಲ ಕಾಣುವುದಿಲ್ಲ. ತಿರುವು, ಮೇಲೆ ದಿಮ್ಮಿಯ ರಾಶಿ ಅಡ್ಡ. ಬಾಲದಲ್ಲಿ ನಿಂತ ಶಂಟರ್ ರೇಡಿಯೋದಲ್ಲಿ ಎಣಿಸುತ್ತಾ ಹೋಗಬೇಕು: ಇನ್ನು ಐದು ವ್ಯಾಗನ್ ದೂರ, ಮೂರು, ಒಂದು, ನಿಲ್ಲಿಸು. ನಮ್ಮ ಗಾಡಿಯ ಶಂಟರ್ ಅದೇ ಊರಲ್ಲಿ ಹುಟ್ಟಿದ ಹಿರಿಯ ಮನುಷ್ಯ. ಮಗಳು ಅವರನ್ನು ಶಂಟರ್ ಅಂಕಲ್ ಎನ್ನುತ್ತಿದ್ದಳು, ನಮಗೂ ಅದೇ ಹೆಸರಾಯಿತು. ಎಷ್ಟು ಎಚ್ಚರದ ಮನುಷ್ಯನೆಂದರೆ, ನಮ್ಮ ಮನೆ ಮುಂದಿನ ಖಾಲಿ ರಸ್ತೆ ದಾಟುವಾಗಲೂ ನಿಂತು ಎರಡೂ ಕಡೆ ನೋಡಿ, ಮತ್ತೊಮ್ಮೆ ನೋಡಿ ದಾಟುತ್ತಿದ್ದರು. ನಾನು ಕೆಲಸ ಮಾಡುತ್ತಿದ್ದ ಡೇರಿಗೆ ಪೇಪರ್ ಕೊಳ್ಳಲು ಬರುತ್ತಿದ್ದರು. ಡೇರಿ ಎಂದರೆ ಹಾಲಿನ ಕೇಂದ್ರವಲ್ಲ, ಇಲ್ಲಿ ಮೂಲೆ ಅಂಗಡಿಗೆ ಹಾಗೆನ್ನುತ್ತಾರೆ. ಮಾತು ಯಾವ ಊರಿನಲ್ಲಿ ಏನಾಗುತ್ತದೋ ಯಾರು ಬಲ್ಲರು.

ನಮ್ಮ ಮಾತೂ ಅಲ್ಲಿ ಬೇರೇನೋ ಆಯಿತು. ನಾವು ಹೊರಡುವಾಗ ‘ಹೋಗ್ತೇನಿ’ ಎನ್ನುವುದಿಲ್ಲ. ಹೋಗುತ್ತೇನೆ ಎಂದು ಹೋಗುವವರು ಸುಡುಗಾಡಿಗೆ ಹೋಗುವವರು ಮಾತ್ರ ಎಂದು ನನ್ನ ಅಜ್ಜಿ ಬೈಯುತ್ತಿದ್ದಳು. ‘ಬರ್ತೇನಿ’ ಎನ್ನಬೇಕು. ಮನೆಯವರು ‘ಹೂಂ, ಬನ್ರಿ’ ಎನ್ನಬೇಕು. ಇವರು ಅದನ್ನೇ ಇಂಗ್ಲಿಷಿಗೆ ಇಳಿಸಿ ದಿನಾ ಕೆಲಸ ಮುಗಿಸಿ ಹೊರಡುವಾಗ ರೇಡಿಯೋದಲ್ಲಿ, “ಓಕೆ, ಐ ವಿಲ್ ಕಮ್” ಎನ್ನುತ್ತಿದ್ದರು. ಮೊದಮೊದಲು ಅಂಕಲ್ ಪಾಪ, ಬರುತ್ತಾನೆಂದು ಶೆಡ್ಡಿನಲ್ಲಿ ಟೀ ಹಾಕಿಕೊಂಡು ಕಾಯುತ್ತಿದ್ದರಂತೆ. ಇವರು ಆಗಲೇ ಮನೆಗೆ ಬಂದು ಊಟಕ್ಕೆ ಕೂತಿರುತ್ತಿದ್ದರು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು: “ಅಪ್ಪಾ, ಯು ಆರ್ ಗೋಯಿಂಗ್, ನಾಟ್ ಕಮಿಂಗ್!”

ಒಂದು ಭಾನುವಾರ ಅಂಕಲ್ ನಮ್ಮ ಮನೆಗೆ ಊಟಕ್ಕೆ ಬಂದಾಗ ಇವರು ಕೂರಿಸಿಕೊಂಡು ವಿವರಿಸಿದರು. ಹೋಗುವವನು ಬರುತ್ತೇನೆ ಎನ್ನಬೇಕು, ಇರುವವನು ಬನ್ನಿ ಎನ್ನಬೇಕು. ಅಂಕಲ್ ಜೋಳದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದರು. “ಅಂದರೆ ನಿಮ್ಮ ಜನ ಯಾರಿಗೂ ಗುಡ್‌ಬೈ ಹೇಳುವುದೇ ಇಲ್ಲ ಅನ್ನು. ಇದು ಒಳ್ಳೆಯದು,” ಎಂದರು. ಆವತ್ತಿನಿಂದ ಇವರು ‘ಐ ವಿಲ್ ಕಮ್’ ಎಂದರೆ ಆ ಕಡೆಯಿಂದ ಅಚ್ಚಗನ್ನಡದಲ್ಲಿ ‘ಬನ್ರಿ’ ಎಂದು ಬರುತ್ತಿತ್ತು. ರ-ಕಾರ ಸ್ವಲ್ಪ ನುಂಗಿ ಹೋಗುತ್ತಿತ್ತು, ಅಷ್ಟೇ. ಇವರು ಮನೆಗೆ ಬಂದು ಅದನ್ನು ಅನುಕರಿಸಿ ತೋರಿಸುತ್ತಿದ್ದರು, ನಾವು ನಗುತ್ತಿದ್ದೆವು.

ಆಮೇಲೆ ಆ ದಿನ ಬಂತು. ಚಳಿಗಾಲ, ಮಧ್ಯಾಹ್ನವಾದರೂ ಮಂಜು ಇನ್ನೂ ಹರಿದಿರಲಿಲ್ಲ. ಗಾಡಿ ಜೋಡಿಸಿ ಆಗಿತ್ತು. ಸೈಡಿಂಗಿನ ಹಿಂದೆ ದಿಮ್ಮಿ ತುಂಬಿದ ಒಂದು ವ್ಯಾಗನ್ ಮಾತ್ರ ಉಳಿದಿತ್ತು. ಅಂಕಲ್ ರೇಡಿಯೋದಲ್ಲಿ, ಇದರ ಕೊಂಡಿ ಸರಿಯಿಲ್ಲ, ಇದನ್ನೂ ಒಯ್ಯುತ್ತೀಯೋ ನಾಳೆಗೆ ಬಿಡುತ್ತೀಯೋ ಎಂದು ಕೇಳಿದರು. ಇವರು, “ಓಕೆ, ಐ ವಿಲ್ ಕಮ್” ಎಂದರು. ಆವತ್ತು ಆ ಮಾತಿಗೆ ಅದರ ಅರ್ಥವೇ ಇತ್ತು. ಹಿಂದಕ್ಕೆ ಬರುತ್ತೇನೆ, ಒಯ್ಯುತ್ತೇನೆ ಎಂದು. ಅಂಕಲ್ “ಬನ್ರಿ” ಎಂದರು. ಅವರು ಕರೆದರೆಂದು ತಿಳಿದು ಇವರು ಗಾಡಿಯನ್ನು ಹಿಂದಕ್ಕೆ ನೂಕಿದರು. ಅಂಕಲ್ ಮಾತ್ರ, ಡ್ರೈವರ್ ನಾಳೆಗೆ ಬಿಟ್ಟು ಹೊರಟನೆಂದು ತಿಳಿದು, ಗಾಡಿಗೆ ಬೆನ್ನು ಹಾಕಿ, ಕೊಂಡಿ ನೋಡಲು ಹಳಿಯ ಮೇಲೆ ಇಳಿದರು. ಎಣಿಕೆ ಕೇಳಿಸದಿದ್ದಾಗ ಇವರು ಬ್ರೇಕ್ ಹಾಕಿದರು. ಮರದ ಗಾಡಿ ಹಾಕಿದ ಕೂಡಲೇ ನಿಲ್ಲುವುದಿಲ್ಲ.

ಬೇರೆ ಯಾವ ಶಂಟರ್ ಆಗಿದ್ದರೂ ಬದುಕುತ್ತಿದ್ದ. ‘ಐ ವಿಲ್ ಕಮ್’ ಎಂದರೆ ಬರುತ್ತಾನೆ ಎಂದು ತಿಳಿದು ದೂರ ನಿಲ್ಲುತ್ತಿದ್ದ. ನಮ್ಮ ಮಾತು ಕಲಿತ ಒಬ್ಬನೇ ಒಬ್ಬ ಮನುಷ್ಯ ನಮ್ಮ ಮಾತಿನಿಂದಲೇ ಸತ್ತ. ಇದನ್ನು ಯಾವ ದೇವರ ಮುಂದೆ ಹೇಳಿಕೊಳ್ಳಲಿ ಎಂದು ನಾನು ಬಹಳ ದಿನ ಯಾವ ದೇವರ ಮುಂದೆಯೂ ನಿಲ್ಲಲಿಲ್ಲ.

ವಿಚಾರಣೆ ಊರಿನ ಸಭಾಭವನದಲ್ಲಿ ನಡೆಯಿತು. ಇಲ್ಲಿ ಇಂಥದ್ದಕ್ಕೆಲ್ಲ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು, ಸಪೋರ್ಟ್ ಪರ್ಸನ್ ಎನ್ನುತ್ತಾರೆ. ನಾನು ಹೋಗಿ ಕೂತೆ. ಮೇಜಿನ ಆ ಕಡೆ ವಿಚಾರಣೆಯ ಅಧಿಕಾರಿ, ಒಬ್ಬ ಹೆಂಗಸು. ಪಕ್ಕದಲ್ಲಿ ಕಂಪನಿಯ ಮ್ಯಾನೇಜರ್. ಹಿಂದಿನ ಸಾಲಿನಲ್ಲಿ ಅಂಕಲ್‌ನ ಹೆಂಡತಿ, ಕೋಟು ತೆಗೆಯದೆ ಕೂತಿದ್ದಳು. ರೇಡಿಯೋದ ರೆಕಾರ್ಡಿಂಗ್ ಹಾಕಿದರು. ಇವರ ಧ್ವನಿ, “ಓಕೆ, ಐ ವಿಲ್ ಕಮ್.” ಆಮೇಲೆ ಅದು. ಸತ್ತ ಮನುಷ್ಯ ನಮ್ಮ ಹೊಸ್ತಿಲಲ್ಲಿ ನಿಂತಷ್ಟು ಸ್ಪಷ್ಟವಾಗಿತ್ತು ಆ ‘ಬನ್ರಿ’. ಅಧಿಕಾರಿ ಎರಡು ಸಲ ಹಾಕಿ ಕೇಳಿದಳು. ಇದು ಯಾವ ಮಾತು ಎಂದಳು. ರೇಡಿಯೋ ಗರಗರ ಇರಬೇಕು ಎಂದ ಮ್ಯಾನೇಜರ್. ಡ್ರೈವರ್ ಬರುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದ್ದಾನೆ, ಶಂಟರ್ ಹೇಳದೆ ಕೇಳದೆ ಹಳಿಗೆ ಇಳಿದಿದ್ದಾನೆ, ನಿಯಮ ಮುರಿದದ್ದು ಅವನೇ ಎಂದ. ಹಿಂದಿನ ಸಾಲಿನ ಆ ಹೆಂಗಸು, “ಅವನು ಹಾಗೆ ಇಳಿಯುವವನಲ್ಲ” ಎಂದಳು. ಊಟಕ್ಕೆ ಬಿಟ್ಟರು.

ನಾವು ಕಾರಿನಲ್ಲಿ ಕೂತೆವು. ಡಬ್ಬಿ ಬಿಚ್ಚಲಿಲ್ಲ.

“ಹೇಳಿಬಿಡ್ತೇನಿ,” ಎಂದರು ಇವರು.

“ಏನಂತ ಹೇಳ್ತೀರಿ? ರೇಡಿಯೋದಾಗ ರೂಲ್ಸಿನ ಮಾತು ಬಿಟ್ಟು ಮನಿ ಮಾತು ಆಡತಿದ್ವಿ ಅಂತ? ಲೈಸೆನ್ಸ್ ಉಳೀತದೇನ್ರಿ ಆಮ್ಯಾಲೆ?”

“ಉಳಿಯೂದಿಲ್ಲ.”

“ಮತ್ತ? ಅವರು ತಿರುಗಿ ಬರ್ತಾರೇನು? ಬಾಯಿ ಮುಚ್ಚಿಕೊಂಡು ಕೂಡ್ರಿ.”

ಹೌದು, ಹಾಗೇ ಹೇಳಿದೆ. ಯಾರಾದರೂ ಇವತ್ತು ಕೇಳಿದರೂ ಹಾಗೇ ಹೇಳುತ್ತೇನೆ. ಎಂಜಿನ್ ಬಿಟ್ಟು ಇವರು ಹೇಗಿರುತ್ತಾರೆಂದು ನೋಡಿದವಳು ನಾನು, ಆ ಅಧಿಕಾರಿಯಲ್ಲ.

ಇವರು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದರು, ಎಲ್ಲಿಗೋ ಹೊರಟವರ ಹಾಗೆ. “ಅಕಿ ತನ್ನ ಗಂಡ ಬೇಫಿಕೀರ್ ಇದ್ದ ಅಂತ ತಿಳಕೊಂಡು ಸಾಯೂತನಕ ಬದುಕಬೇಕೇನು? ಬನ್ರಿ ಅನ್ನೂದು ಕಲಿಸಿದಾಂವ ನಾನ,” ಎಂದರು. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಕಾರಿನಿಂದ ಇಳಿದು ಬಾಗಿಲು ಜೋರಾಗಿ ಹಾಕಿದೆ.

ಒಳಗೆ ಹೋದ ಮೇಲೆ ಇವರು ಎದ್ದು ನಿಂತು, ಅದು ಗರಗರ ಅಲ್ಲ, ನಮ್ಮ ಭಾಷೆಯ ಮಾತು ಎಂದರು. ಅರ್ಥವೇನು ಎಂದು ಅಧಿಕಾರಿ ಕೇಳಿದಳು.

“ಬನ್ನಿ ಎಂದರ್ಥ.”

ಮ್ಯಾನೇಜರ್ ಕುರ್ಚಿಗೆ ಒರಗಿದ. “ಅಂದರೆ ಅವನೇ ನಿನ್ನನ್ನು ಕರೆದ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ, ಯಾವ ಡಿಕ್ಷನರಿ ತೆಗೆದು ನೋಡಿದರೂ ಅಷ್ಟೇ ಇರುತ್ತದೆ. ನಾನು ಮೇಜಿನ ಕೆಳಗೆ ಅವರ ಅಂಗಿಯ ತುದಿ ಹಿಡಿದು ಜಗ್ಗಿದೆ. ಬಿಡಿಸಿಕೊಳ್ಳಲಿಲ್ಲ, ಕೂರಲೂ ಇಲ್ಲ.

“ಅಲ್ಲ. ಹೊರಟವರಿಗೆ ನಾವು ಹಾಗೆ ಹೇಳುತ್ತೇವೆ. ಹೋಗಿ ಚೆನ್ನಾಗಿ ತಿರುಗಿ ಬಾ ಎಂದು. ನಾನು ದಿನಾ ಹೊರಡುವಾಗ ಅವರಿಗೆ ಬರುತ್ತೇನೆ ಎನ್ನುತ್ತಿದ್ದೆ. ಆವತ್ತೂ ನಾನು ಹೊರಟೆ ಎಂದು ಅವರು ತಿಳಿದರು. ಅವರು ನಿಯಮ ಮುರಿಯಲಿಲ್ಲ. ಗಾಡಿ ಹೋಗುತ್ತಿದೆ ಎಂದೇ ಇಳಿದರು.”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದಳು. ಇದಕ್ಕೆ ಬೇರೆ ಯಾರಾದರೂ ಸಾಕ್ಷಿ ಇದ್ದಾರೆಯೇ ಎಂದಳು. ಇವರ ಹೆಂಡತಿಯಾದ ನನ್ನ ಮಾತನ್ನು ಯಾರು ನಂಬುತ್ತಾರೆ ಎನಿಸಿತು, ಆದರೂ ಬಾಯಿ ತೆರೆಯುವುದರಲ್ಲಿದ್ದೆ. ಹಿಂದಿನಿಂದ ಧ್ವನಿ ಬಂತು.

“ನಾನಿದ್ದೇನೆ. ನನ್ನ ಗಂಡ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ನನಗೆ ‘ಐ ವಿಲ್ ಕಮ್’ ಎಂದು ಹೇಳಿ ಹೋಗುತ್ತಿದ್ದ. ಹೋಗುತ್ತಿದ್ದೀ ಕಣೋ ಹುಚ್ಚಾ, ಬರುತ್ತಿಲ್ಲ ಎಂದು ನಾನು ನಗುತ್ತಿದ್ದೆ. ಆವತ್ತೂ ಹೇಳಿದ್ದ.”

ಇಷ್ಟು ಹೇಳಿ ಅವಳು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು. ಎಲ್ಲ ಗುಂಡಿಯೂ ಹಾಕಿಯೇ ಇದ್ದವು.

ಅಂಕಲ್‌ನ ಹೆಸರಿಗೆ ಅಂಟಿದ್ದ ಕಳಂಕ ಹೋಯಿತು. ಇವರ ಲೈಸೆನ್ಸೂ ಹೋಯಿತು. ಅವಳು ನಮ್ಮ ಮನೆಗೆ ಬರಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ. ಯಾಕೆ ಬರಬೇಕು? ಡೇರಿಯಲ್ಲಿ ಒಮ್ಮೆ ಎದುರಾದಾಗ ಬ್ರೆಡ್ಡು ಕೊಟ್ಟೆ, ಚಿಲ್ಲರೆ ಕೊಟ್ಟೆ. ಅವಳು ಬಾಗಿಲ ತನಕ ಹೋಗಿ ನಿಂತು, ಏನೋ ಹೇಳಲು ಹೊರಟು, ಹೇಳದೆ ಹೋದಳು. ಮುಂದಿನ ವರ್ಷ ಮಿಲ್ಲಿನವರು ದಿಮ್ಮಿಗಳನ್ನು ಲಾರಿಗೆ ಹಾಕತೊಡಗಿದರು, ಕಂಪನಿ ಹಳಿಯನ್ನು ವಾಪಸ್ ಒಪ್ಪಿಸಿತು. ಈಗ ಅಲ್ಲಿ ಹುಲ್ಲು ಸೊಂಟದೆತ್ತರ ಬಂದಿದೆಯಂತೆ.

ನಾವು ರಿಕ್ಕರ್ಟನ್ನಿಗೆ ತಿರುಗಿ ಬಂದೆವು. ಇವರಿಗೆ ಒಂದು ಗೋಡೌನಿನಲ್ಲಿ ಕೆಲಸ. ಅಲ್ಲಿಗೆ ಮೊದಲ ದಿನ ಹೊರಟಾಗ ಬೂಟು ಕಟ್ಟಿಕೊಂಡು, ಬಾಗಿಲ ಹತ್ತಿರ ನಿಂತು, “ಹೋಗ್ತೇನಿ” ಎಂದರು. ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಓಡಿ ಬಂದು, “ಬಿಡ್ತು ಅನ್ರಿ! ಏನ್ ಮಾತದು ಹೊಸ್ತಿಲಾಗ?” ಎಂದು ಬೈದೆ.

“ಇನ್ನೊಂದು ಮಾತು ಬಾಯಾಗ ಬರವಲ್ಲದು,” ಎಂದರು. ಬಿಡ್ತು ಎನ್ನಲೂ ಇಲ್ಲ.

ಅವರು ಬರ್ತೇನಿ ಎನ್ನದಿದ್ದರೂ ನಾನಾದರೂ ಬನ್ರಿ ಎನ್ನಬಹುದಲ್ಲ. ಪ್ರತಿದಿನ ಬೆಳಿಗ್ಗೆ ಅನ್ನೋಣವೆಂದೇ ಬಾಗಿಲಿಗೆ ಬರುತ್ತೇನೆ. ನಾಲಗೆಯ ತುದಿಗೆ ಬರುತ್ತದೆ, ಆದರೆ ಆ ನುಂಗಿದ ರ-ಕಾರದ ಜೊತೆಗೇ ಬರುತ್ತದೆ. ‘ಹೂಂ’ ಎಂದಷ್ಟೇ ಅನ್ನುತ್ತೇನೆ. ಕಾರು ತಿರುವು ದಾಟುವ ತನಕ ನಿಂತಿರುತ್ತೇನೆ. ನನ್ನ ಗಂಡನಿಗೆ ಕಡೆಯ ಸಲ ‘ಬನ್ರಿ’ ಎಂದು ಹೇಳಿದವರು ಆ ಅಂಕಲ್ಲೇ.