ಅವ್ವನ ಎಡಗೈ

ದೆವ್ವ, ಪವಾಡ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಓದಿದ್ದು ನಾಲ್ಕನೆಯ ತರಗತಿಯಾದರೂ ಕಣ್ಣಿಗೆ ಕಾಣದ್ದನ್ನು ನಂಬುವವಳಾಗಿರಲಿಲ್ಲ. ಈಗ ಹಾಗೆ ನಗಲಾರೆ. ಯಾಕೆಂದು ಹೇಳಬೇಕಾದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ.

ನನ್ನ ಅಕ್ಕ ಯಲಬುರ್ಗಾ ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಪರೀಕ್ಷೆಗೆ ಕಳಿಸುವ ಸಣ್ಣ ಕೆಲಸದಿಂದ ಶುರು ಮಾಡಿದವಳು. ಅಲ್ಲಿಂದ ದಿಲ್ಲಿ, ದಿಲ್ಲಿಯಿಂದ ಆಫ್ರಿಕಾ. ಬಡ ದೇಶಗಳಿಗೆ ಕುಡಿಯುವ ನೀರು ಒದಗಿಸುವ ದೊಡ್ಡ ಸಂಸ್ಥೆಯಲ್ಲಿ ಮೇಲೇರುತ್ತ ಹೋದಳು. ನಾನು ಕುಕನೂರಿನಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುತ್ತ ಅವ್ವನ ಜೊತೆ ಉಳಿದೆ.

ಅವ್ವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಇನ್ನು ಮಾತು ಬರುವುದಿಲ್ಲವೆಂದು ಡಾಕ್ಟರು ಹೇಳಿದರು. ಬೇಕು, ಬೇಡ ಎಲ್ಲವನ್ನೂ ಅವಳು ಎಡಗೈ ಸನ್ನೆಯಲ್ಲೇ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ಆಗ ನಮ್ಮಲ್ಲಿದ್ದದ್ದು ಮುಖ ಕಾಣದ ಸಾದಾ ಫೋನು. ಹಲವು ದೇಶಗಳ ಕೆಲಸಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡುವವರಿದ್ದರು.

“ಒಪ್ಪಿದ್ರ ವರ್ಷಗಟ್ಲೆ ಬರಾಕ ಆಗಂಗಿಲ್ಲ. ಅವ್ವ ಬಾ ಅಂದ್ರ ಎಲ್ಲಾ ಬಿಟ್ಟು ಬರ್ತೀನಿ. ಆಕಿ ಕಿವೀಗೆ ಹಿಡಿ, ನಾನ ಕೇಳ್ತೀನಿ,” ಎಂದಳು.

ಹಿಡಿದೆ. ಅವ್ವ ಕೇಳಿಸಿಕೊಂಡು, ಎಡಗೈ ಎತ್ತಿ ಬೆರಳುಗಳನ್ನು ಎದೆಯ ಕಡೆ ಎಳೆದುಕೊಂಡಳು. ಬಾ ಎಂದು. ಒಮ್ಮೆಯಲ್ಲ, ಮೂರು ಸಲ.

“ಏನಂದ್ಲು?”

“ಹೋಗು ಅಂತ ಕೈ ಮಾಡಿದ್ಲಕ್ಕ,” ಎಂದೆ.

ಅವಳು ಬಂದು ನಾಲ್ಕು ದಿನ ಸೇವೆ ಮಾಡಿದರೆ ಓಣಿಯೆಲ್ಲ ಅವಳನ್ನೇ ಹೊಗಳುತ್ತದೆ, ನಾನು ಇಷ್ಟು ದಿನ ಹೇಸಿಗೆ ಬಳಿದದ್ದು ಯಾರಿಗೂ ನೆನಪಿರುವುದಿಲ್ಲ ಎಂಬ ಹೊಟ್ಟೆಕಿಚ್ಚು ನನಗೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾರದೆ ಫೋನ್ ಕಟ್ ಮಾಡಿ ಹಾಸಿಗೆಯ ಮೇಲೆ ಬಿಟ್ಟು, ಕೊಡ ತೆಗೆದುಕೊಂಡು ನಳದ ನೀರಿಗೆ ಹೋದೆ.

ಮೂರು ತಿಂಗಳಿಗೆ ಅವ್ವ ತೀರಿಕೊಂಡಳು. ಅಕ್ಕನಿಗೆ ಮಣ್ಣಿಗೂ ಬರಲಾಗಲಿಲ್ಲ.

ಅವಳು ಬಂದದ್ದು ಎಷ್ಟೋ ವರ್ಷಗಳ ನಂತರ. ನಾನು ರೊಟ್ಟಿ ಬಡಿಯುತ್ತಿದ್ದೆ, ಅದರ ಅಂಚು ಅಂಕುಡೊಂಕಾಗಿ ಹರಡಿತ್ತು.

“ಈ ನಕಾಶಿಗೆ ಖಾನಾವಳಿಯವ್ರು ರೊಕ್ಕಾನೂ ಕೊಡ್ತಾರೇನ?” ಎಂದು ನಕ್ಕಳು.

“ದೇಶಾ ತಿರುಗಿದಾಕಿ ನೀನು. ಯಾವ ದೇಶದ ನಕಾಶಿ ಅಂತ ಹೇಳು ನೋಡೂನು,” ಎಂದೆ. ನಗುವಾಗಲೇ ಅಳು ಬಂತು. “ಅಕ್ಕ, ಅವತ್ತ ಅವ್ವ...”

“ಬಾ ಅಂದಿದ್ಲು. ಗೊತ್ತೈತಿ ಬಿಡು.”

ನನ್ನ ಕೈ ನಿಂತಿತು. ಅವತ್ತು ನನ್ನ ಮಾತು ಮುಗಿದ ಸ್ವಲ್ಪ ಹೊತ್ತಿಗೆ, ನಮ್ಮ ನಂಬರಿನಿಂದಲೇ ಅಕ್ಕನಿಗೆ ಮತ್ತೆ ಫೋನ್ ಹೋಗಿತ್ತಂತೆ. ಅವ್ವನ ದನಿ, ಕಾಯಿಲೆಗೆ ಮೊದಲಿನ ಸ್ಪಷ್ಟ ದನಿ.

“‘ನಾ ಬಾ ಅಂದಿದ್ದೆ, ಆಕಿ ಹೇಳಲಿಲ್ಲ. ಈಗ ನಾನ ಹೇಳ್ತೀನಿ, ನೀ ಹೋಗು. ಆಕೀನ್ನ ಬೈಬ್ಯಾಡ, ಭಾಳ ದಣದಾಳ.’ ಇಷ್ಟ ಅಂದು ಫೋನ್ ಇಟ್ಲು.”

“ಇಷ್ಟ ವರ್ಷ ನನಗ ಒಂದ್ ಮಾತ ಕೇಳಲಿಲ್ಲಲ್ಲ ನೀನು?”

“ಬೈಬ್ಯಾಡ ಅಂದಿದ್ಲಲ್ಲ.”

ಅಕ್ಕ ಸುಳ್ಳು ಹೇಳುವವಳಲ್ಲ. ಆದರೆ ನಾನು ನೀರು ಹೊತ್ತು ಮರಳಿದಾಗ ಅವ್ವ ಎಂದಿನಂತೆ ಬಾಯಿ ಒಂದು ಕಡೆ ಸೊಟ್ಟಗಾಗಿ ಮಲಗಿದ್ದಳು. ಆಮೇಲಿನ ಮೂರು ತಿಂಗಳು ಅವಳಿಗೆ ತಲೆ ಬಾಚಿದೆ, ಗಂಜಿ ಕುಡಿಸಿದೆ, ಒಂದು ಅಕ್ಷರವಾದರೂ ಹೊರಬಂದೀತೆಂದು ದಿನವೂ ಆ ಬಾಯಿಯನ್ನೇ ನೋಡಿದೆ. ಬರಲಿಲ್ಲ. ಇದು ಹೇಗಾಯಿತೋ ನನಗೆ ಇಂದಿಗೂ ತಿಳಿದಿಲ್ಲ. ನಾನು ದಣಿದದ್ದನ್ನು ಕಂಡಿದ್ದ ಅವ್ವ ಅದನ್ನು ನನಗೇ ಒಮ್ಮೆ ಹೇಳಬಹುದಿತ್ತು.